ವೆಸ್ಟ್ಸ್ ಟೈಗರ್ಸ್ ನಿಜವಾಗಿ ಸುಧಾರಿಸಿದೆಯೇ? ನಾಲ್ಕು ಸೀಸನ್‌ಗಳ ಲೆಕ್ಕದ ಶೀಟ್, ಇಲ್ಲಿಯವರೆಗೆ

ನಾಲ್ಕು, ನಾಲ್ಕು, ಆರು, ಒಂಬತ್ತು. 2022ರಿಂದ 2025ರವರೆಗೆ ಸಿಡ್ನಿಯ ವೆಸ್ಟ್ಸ್ ಟೈಗರ್ಸ್ ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿಯಲ್ಲಿ (ಎನ್‌ಆರ್‌ಎಲ್) ವರ್ಷವರ್ಷ ಗೆದ್ದ ಪಂದ್ಯಗಳಿವು. ಪ್ರತಿ ಸೀಸನ್‌ನಲ್ಲೂ ಆಡಿದ್ದು 24. ಅಭಿಮಾನಿಗಳ ವಾದವೆಲ್ಲ ಈ ನಾಲ್ಕು ಅಂಕಿಗಳ ಸುತ್ತಲೇ. "ಏರುತ್ತಿರುವುದು ಕಣ್ಣಿಗೇ ಕಾಣುತ್ತಿದೆ, ಇನ್ನೇನು ಪುರಾವೆ ಬೇಕು?" ಎನ್ನುವವರು ಒಂದು ಕಡೆ. "ಮೂರು ವರ್ಷ ಸತತವಾಗಿ ಪಟ್ಟಿಯ ತಳದಲ್ಲಿ ಕೂತು ವುಡನ್ ಸ್ಪೂನ್ ಪಡೆದ ತಂಡ 13ನೇ ಸ್ಥಾನಕ್ಕೆ ಬಂದರೆ ಹಬ್ಬ ಮಾಡಬೇಕಾ? 2011ರ ನಂತರ ಮೊದಲ ಎಂಟು ತಂಡಗಳ ಫೈನಲ್ಸ್ ಮೆಟ್ಟಿಲನ್ನೇ ಹತ್ತಿಲ್ಲ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಹೇಳುವುದು ಸತ್ಯವೇ. ಆದರೆ ಎರಡರಿಂದಲೂ ಉತ್ತರ ಸಿಗುವುದಿಲ್ಲ. ಅದನ್ನು ಹುಡುಕಲು ಕಟ್ಟುತ್ತಿರುವ ಶೀಟ್‌ನ ಪ್ರಗತಿ ಇಲ್ಲಿದೆ. ಎಲ್ಲೆಲ್ಲಿ ಲೆಕ್ಕ ದಾರಿ ತಪ್ಪಿಸಿತು ಎಂಬುದೂ ಸೇರಿ.

ಆಟ ಹೊಸದಾದವರಿಗೆ ಇಷ್ಟು ಸಾಕು: ರಗ್ಬಿ ಲೀಗ್ 13 ಜನರ ಆಟ, 15 ಜನರ ರಗ್ಬಿ ಯೂನಿಯನ್ ಅಲ್ಲ. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಒಂದು ಸೆಟ್. ಟ್ರೈಗೆ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತುವುದು) 4 ಪಾಯಿಂಟ್, ಅದರ ನಂತರದ ಕಿಕ್ ಆದ ಕನ್ವರ್ಷನ್‌ಗೆ 2, ಪೆನಾಲ್ಟಿ ಗೋಲ್‌ಗೆ 2, ಫೀಲ್ಡ್ ಗೋಲ್‌ಗೆ 1. ಅದೇ ಫೀಲ್ಡ್ ಗೋಲನ್ನು 40 ಮೀಟರ್ ಆಚೆಯಿಂದ ಹೊಡೆದರೆ 2. ಮುಂದೆ 'ಪಾಯಿಂಟ್' ಅಂದರೆ ಪಂದ್ಯದೊಳಗಿನ ಸ್ಕೋರ್, 'ಅಂಕ' ಅಂದರೆ ಪಟ್ಟಿಯಲ್ಲಿ ಸಿಗುವುದು.

ಮೊದಲ ಹಾಳೆ: ಅಂಕಪಟ್ಟಿಯನ್ನು ಕೈಬಿಟ್ಟದ್ದು

ಶೀಟ್‌ನ ಮೊದಲ ಆವೃತ್ತಿಯಲ್ಲಿ ಇದ್ದದ್ದು ಅಂಕ ಮಾತ್ರ: 2022ರಲ್ಲಿ 10, 2023ರಲ್ಲಿ 14. ನೋಡಿದರೆ ಏರಿಕೆ. ಆದರೆ ಎರಡೂ ವರ್ಷ ಗೆದ್ದದ್ದು ನಾಲ್ಕೇ ಪಂದ್ಯ. ಹೆಚ್ಚಿನ 4 ಅಂಕ ಬಂದದ್ದು ಬೈಗಳಿಂದ, ಅಂದರೆ ಪಂದ್ಯವಿಲ್ಲದ ವಾರಗಳಿಂದ. 2022ರಲ್ಲಿ 16 ತಂಡ, ತಲಾ ಒಂದು ಬೈ. 2023ರಲ್ಲಿ ಡಾಲ್ಫಿನ್ಸ್ ಸೇರಿ 17 ತಂಡಗಳಾದವು, 27 ಸುತ್ತುಗಳಲ್ಲಿ ತಲಾ ಮೂರು ಬೈ. ಮೈದಾನಕ್ಕಿಳಿಯದ ವಾರಕ್ಕೂ 2 ಅಂಕ ಸಿಗುವುದರಿಂದ ಎರಡು ವರ್ಷಗಳ ಅಂಕವನ್ನು ಪಕ್ಕಪಕ್ಕ ಇಡುವಂತೆಯೇ ಇಲ್ಲ. ಆ ಕಾಲಂ ಅಳಿಸಿ, ಆಡಿದ ಪಂದ್ಯಗಳ ಮೇಲಷ್ಟೇ ಲೆಕ್ಕ ಹಾಕುವ ನಿಯಮ ಬಂತು.

ಗೆಲುವಿನ ಎಣಿಕೆಗೂ ಒಂದು ಮಿತಿಯಿದೆ. ನಾಲ್ಕರಲ್ಲಿ ಒಂದು ಪಂದ್ಯ ಗೆಲ್ಲುವ ಸಾಮರ್ಥ್ಯದ ತಂಡ 24 ಪಂದ್ಯ ಆಡಿದರೆ ಸರಾಸರಿ ಗೆಲುವು 6. ಏನೂ ಬದಲಾಗದೆಯೂ ಅದು ಸುಮಾರು 2 ಗೆಲುವಿನಷ್ಟು ಆಚೀಚೆ ಆಗುತ್ತದೆ (24, 0.25, 0.75 ಗುಣಿಸಿ ವರ್ಗಮೂಲ ತೆಗೆದರೆ 2.1). ಎರಡು ಸೀಸನ್‌ಗಳನ್ನು ಹೋಲಿಸುವಾಗ ಆ ಅಲುಗಾಟ 3ರ ಹತ್ತಿರ ಹೋಗುತ್ತದೆ. ಅಂದರೆ 4ರಿಂದ 6ಕ್ಕೆ ಬಂದದ್ದು ಬರಿಯ ಅದೃಷ್ಟವೂ ಇರಬಹುದು. 4ರಿಂದ 9 ಎಂಬುದು ಗಂಭೀರವಾಗಿ ನೋಡಬೇಕಾದ ಜಿಗಿತ, ಆದರೆ ಗೆಲುವಿನ ಎಣಿಕೆಯೊಂದರಿಂದಲೇ ತೀರ್ಪು ಕೊಡುವಷ್ಟಲ್ಲ.

ಒಂದೇ ಕಿಕ್‌ನಲ್ಲಿ ಫಲಿತಾಂಶ ತಿರುಗುವ ಆಟವಿದು. 2022ರ ಜುಲೈನಲ್ಲಿ ಟೌನ್ಸ್‌ವಿಲ್‌ನಲ್ಲಿ ಟೈಗರ್ಸ್ ಒಂದು ಪಾಯಿಂಟ್‌ನಿಂದ ಮುಂದಿತ್ತು. ಕಟ್ಟಕಡೆಯ ಕ್ಷಣದಲ್ಲಿ ಎದುರಾಳಿಗೆ ಸಿಕ್ಕ, ಇಂದಿಗೂ ಚರ್ಚೆ ನಿಲ್ಲದ ಪೆನಾಲ್ಟಿಯಿಂದ ಕೌಬಾಯ್ಸ್ 27-26ರಲ್ಲಿ ಗೆದ್ದಿತು. ಆ ಒಂದು ಕಿಕ್‌ನಿಂದ ತಂಡದ ಗುಣಮಟ್ಟವೇನೂ ಬದಲಾಗಲಿಲ್ಲ. ಗೆಲುವಿನ ಕಾಲಂ ಮಾತ್ರ ಬದಲಾಯಿತು.

ಎರಡನೇ ಹಾಳೆ: ಗಳಿಸಿದ್ದು, ಬಿಟ್ಟುಕೊಟ್ಟದ್ದು

ಕ್ರಿಕೆಟ್‌ನಲ್ಲಿ ನೆಟ್ ರನ್ ರೇಟ್ ನೋಡುವ ಹಾಗೆ ಇಲ್ಲಿ ಪಾಯಿಂಟ್‌ಗಳನ್ನು ನೋಡಬೇಕು. ನಾಲ್ಕು ಸೀಸನ್‌ಗಳು ಹೀಗಿವೆ:

2022: ಗಳಿಸಿದ್ದು 352, ಬಿಟ್ಟುಕೊಟ್ಟದ್ದು 679
2023: ಗಳಿಸಿದ್ದು 385, ಬಿಟ್ಟುಕೊಟ್ಟದ್ದು 675
2024: ಗಳಿಸಿದ್ದು 463, ಬಿಟ್ಟುಕೊಟ್ಟದ್ದು 750
2025: ಗಳಿಸಿದ್ದು 477, ಬಿಟ್ಟುಕೊಟ್ಟದ್ದು 612

ಇದರಿಂದ 'ನ್ಯಾಯವಾಗಿ ಬರಬೇಕಿದ್ದ ಗೆಲುವು' ತೆಗೆಯುವ ಕ್ರಮ ಬೇಸ್‌ಬಾಲ್‌ನಿಂದ ಬಂದದ್ದು; ಪೈಥಾಗೊರಸ್ ಲೆಕ್ಕ ಎನ್ನುತ್ತಾರೆ. ಗಳಿಸಿದ್ದರ ವರ್ಗವನ್ನು, ಗಳಿಸಿದ್ದರ ವರ್ಗ ಮತ್ತು ಬಿಟ್ಟುಕೊಟ್ಟದ್ದರ ವರ್ಗ ಕೂಡಿ ಬಂದ ಮೊತ್ತದಿಂದ ಭಾಗಿಸಿ, 24ರಿಂದ ಗುಣಿಸುವುದು. 2022ಕ್ಕೆ 5.1, 2023ಕ್ಕೆ 5.9, 2024ಕ್ಕೆ 6.6, 2025ಕ್ಕೆ 9.1 ಬರುತ್ತದೆ. ನಿಜವಾದ ಗೆಲುವು 4, 4, 6, 9. ಹಾಗಾಗಿ 2025ರ ಒಂಬತ್ತು ಗೆಲುವು ಪುಕ್ಕಟೆ ಬಂದದ್ದಲ್ಲ. ಅದಕ್ಕಿಂತ ಹಿಂದಿನ ವರ್ಷಗಳಲ್ಲಿ ತಂಡ ತನ್ನ ಆಟಕ್ಕಿಂತಲೂ ತುಸು ಕಡಿಮೆಯೇ ಪಡೆದಿತ್ತು.

ಮೆಟ್ಟಿಲು ಮೆಟ್ಟಿಲಾಗಿ ಏರಿದಂತೆ ಕಾಣುವ ಈ ಸಾಲು ಮೊದಲ ಪಾಳಯದವರಿಗೆ ತುಂಬ ಇಷ್ಟವಾಗುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು.

ಒಂದೇ ಪಂದ್ಯ ಇಡೀ ವರ್ಷವನ್ನು ತಿರುಚುವ ಬಗೆ

2023ರ ಮೇ ತಿಂಗಳಲ್ಲಿ ಲೈಕಾರ್ಟ್ ಓವಲ್‌ನಲ್ಲಿ ಟೈಗರ್ಸ್ ಕೌಬಾಯ್ಸ್ ತಂಡವನ್ನು 66-18ರಲ್ಲಿ ಸೋಲಿಸಿತು. ಜುಲೈ 1ರಂದು ಟೌನ್ಸ್‌ವಿಲ್‌ನಲ್ಲಿ ಅದೇ ಕೌಬಾಯ್ಸ್ ಟೈಗರ್ಸ್ ಮೇಲೆ 74-0 ಹೊಡೆಯಿತು. ಆರು ವಾರದ ಅಂತರ, ಅವೇ ಎರಡು ತಂಡ.

ಎರಡನ್ನೂ ತೆಗೆದು ನೋಡಿದರೆ ಸರಾಸರಿ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಪಂದ್ಯಕ್ಕೆ ಮೈನಸ್ 12. ಒಂದನ್ನೊಂದು ತೂಗಿಬಿಡುತ್ತವೆ. ಆದರೆ ದಾಳಿ ಮತ್ತು ರಕ್ಷಣೆಯನ್ನು ಬೇರೆ ಮಾಡಿದ ಕೂಡಲೇ ಚಿತ್ರ ತಲೆಕೆಳಗಾಗುತ್ತದೆ. 2022ರಲ್ಲಿ ಪಂದ್ಯಕ್ಕೆ 14.7 ಪಾಯಿಂಟ್ ಗಳಿಸಿದ್ದ ತಂಡ 2023ರಲ್ಲಿ 16 ಗಳಿಸಿತು. 'ದಾಳಿ ಚುರುಕಾಯಿತು' ಎಂಬ ಮಾತಿಗೆ ಇದೇ ಆಧಾರ. ಆ 66 ಪಾಯಿಂಟ್‌ಗಳ ಪಂದ್ಯವೊಂದನ್ನು ತೆಗೆದರೆ ಉಳಿದ 23ರಲ್ಲಿ ಸರಾಸರಿ 13.9. ಅಂದರೆ ಹಿಂದಿನ ವರ್ಷಕ್ಕಿಂತ ಕಡಿಮೆ! ಸುಧಾರಣೆಯೆಲ್ಲ ಒಂದೇ ಸಂಜೆಯದು. ಹಾಗೆಯೇ 74 ತೆಗೆದರೆ ಬಿಟ್ಟುಕೊಟ್ಟದ್ದು 28.1ರಿಂದ 26.1ಕ್ಕೆ ಇಳಿಯುತ್ತದೆ. ಅದನ್ನೂ ಹೇಳಬೇಕು, ಬೇಕಾದ ಪಂದ್ಯವನ್ನಷ್ಟೇ ತೆಗೆದು ಬೇಡದ್ದನ್ನು ಬಿಡುವುದು ಅಪ್ರಾಮಾಣಿಕತೆ.

ಈಗ ಶೀಟ್‌ನಲ್ಲಿ ಮೂರು ಸಾಲು ಓಡುತ್ತಿವೆ: ಪೂರ್ತಿ ಸರಾಸರಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಸ್ಕೋರ್ ಬಿಟ್ಟ ಸರಾಸರಿ, ಮತ್ತು ಮಧ್ಯಾಂಕ. ಮೂರೂ ಒಂದೇ ದಿಕ್ಕಿಗೆ ಹೋದರೆ ಮಾತ್ರ ಸುಧಾರಣೆ ಎಂಬ ಪದ ಬಳಸುವುದು. ಇದೇ ಪರೀಕ್ಷೆ 2024ಕ್ಕೆ ಹಾಕಿದಾಗ ಬೇರೆ ಸಂಗತಿ ಹೊರಬಂತು. ಕೊನೆಯ ಸುತ್ತಿನಲ್ಲಿ, ಯಾರು ತಳಕ್ಕೆ ಎಂದು ತೀರ್ಮಾನವಾಗಬೇಕಿದ್ದ ಪಂದ್ಯದಲ್ಲಿ, ಪ್ಯಾರಾಮಟ್ಟಾ ಈಲ್ಸ್ ಎದುರು ಟೈಗರ್ಸ್ 26-60ರಿಂದ ಸೋತಿತ್ತು. "ಆ ಒಂದು ಪಂದ್ಯ ಬಿಟ್ಟರೆ ರಕ್ಷಣೆ ಅಷ್ಟೇನೂ ಕೆಟ್ಟಿರಲಿಲ್ಲ" ಎಂಬ ವಾದ ಆಗ ಬಹಳ ಕೇಳಿಬರುತ್ತಿತ್ತು. ತೆಗೆದು ನೋಡಿದರೂ ಪಂದ್ಯಕ್ಕೆ 30 ಪಾಯಿಂಟ್ ಬಿಟ್ಟುಕೊಟ್ಟಿದ್ದಾರೆ. ರಕ್ಷಣೆ ವರ್ಷವಿಡೀ ಕೆಟ್ಟಿತ್ತು.

ಲೀಗ್‌ನ ಸರಾಸರಿಗೆ ಹಿಡಿದು ನೋಡಿದಾಗ

ಈ ಶೀಟ್‌ನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಿದ್ದುಪಡಿ ಇದು. ಲೀಗ್‌ನಲ್ಲಿ ಎಲ್ಲರೂ ಹೆಚ್ಚು ಪಾಯಿಂಟ್ ಗಳಿಸುತ್ತಿರುವಾಗ ನಮ್ಮ ತಂಡವೂ ಹೆಚ್ಚು ಗಳಿಸಿದರೆ ಅದು ಸುಧಾರಣೆಯಲ್ಲ. ಎಲ್ಲ ತಂಡಗಳ ಮೊತ್ತ ಕೂಡಿ ಭಾಗಿಸಿದರೆ ಪಂದ್ಯಕ್ಕೆ ಒಂದು ತಂಡದ ಸರಾಸರಿ 2022ರಲ್ಲಿ 21.6, 2023ರಲ್ಲಿ 22.7, 2024ರಲ್ಲಿ 23.4, 2025ರಲ್ಲಿ 23.2. ಕೂಡುವಾಗ ಒಂದು ತಾಳೆ ತಪ್ಪದೆ ನೋಡಿ: ಎಲ್ಲ ತಂಡಗಳು ಗಳಿಸಿದ ಮೊತ್ತ, ಎಲ್ಲ ತಂಡಗಳು ಬಿಟ್ಟುಕೊಟ್ಟ ಮೊತ್ತಕ್ಕೆ ಸರಿಯಾಗಿ ಸಮವಿರಬೇಕು. 2024ಕ್ಕೆ ಎರಡೂ 9567. ಒಂದು ಪಾಯಿಂಟ್ ವ್ಯತ್ಯಾಸ ಬಂದರೂ ಎಲ್ಲೋ ಅಂಕಿ ತಪ್ಪಾಗಿ ಟೈಪಾಗಿದೆ ಎಂದರ್ಥ.

ಸರಾಸರಿಯನ್ನು 100 ಎಂದಿಟ್ಟುಕೊಂಡರೆ ಟೈಗರ್ಸ್ ದಾಳಿ 68, 71, 82, 86. ಬಿಟ್ಟುಕೊಟ್ಟದ್ದು 131, 124, 133, 110. ಇಲ್ಲಿ ಕಡಿಮೆಯಾದಷ್ಟೂ ಒಳ್ಳೆಯದು.

ವಾದದ ಗಂಟು ಬಿಚ್ಚುವುದು ಇಲ್ಲೇ. ಬೆಂಜಿ ಮಾರ್ಷಲ್ ಕೋಚ್ ಆದ ಮೊದಲ ವರ್ಷ, 2024ರಲ್ಲಿ, ದಾಳಿ ಏರಿತು, ರಕ್ಷಣೆ ಕುಸಿಯಿತು. ಒಟ್ಟಾರೆ ತಂಡ ನಿಂತಲ್ಲೇ ನಿಂತಿತ್ತು. 2025ರಲ್ಲಿ ಪೆನ್ರಿತ್‌ನಿಂದ ಜರೋಮ್ ಲುವಾಯಿ, ರೂಸ್ಟರ್ಸ್‌ನಿಂದ ಟೆರೆಲ್ ಮೇ ಬಂದ ಮೇಲೆ ಬದಲಾದದ್ದು ರಕ್ಷಣೆ. 133ರಿಂದ 110 ಸಣ್ಣ ಮಾತಲ್ಲ. ಪಂದ್ಯಕ್ಕೆ 31.2 ಬಿಟ್ಟುಕೊಡುತ್ತಿದ್ದವರು 25.5ಕ್ಕೆ ಇಳಿಸಿದರು, ಹೆಚ್ಚುಕಡಿಮೆ ಕನ್ವರ್ಟ್ ಆದ ಒಂದು ಟ್ರೈಯಷ್ಟು. ಆದರೆ ಲುವಾಯಿ ಬಂದದ್ದರಿಂದ ದಾಳಿ ಬದಲಾಯಿತು ಎಂದು ಹೇಳುವವರಿಗೆ ಶೀಟ್ ಬೆಂಬಲ ಕೊಡುತ್ತಿಲ್ಲ. 82ರಿಂದ 86 ಅಲುಗಾಟದೊಳಗಿನ ಏರಿಕೆ. ಲ್ಯಾಕ್ಲನ್ ಗಾಲ್ವಿನ್ ಸೀಸನ್ ನಡುವೆಯೇ ಬುಲ್‌ಡಾಗ್ಸ್‌ಗೆ ಹೋದದ್ದೂ ಇದರಲ್ಲಿ ಸೇರಿಕೊಂಡಿದೆ. 'ಅವನಿದ್ದಾಗ, ಅವನಿಲ್ಲದಾಗ' ಎಂದು ವರ್ಷವನ್ನು ಎರಡು ತುಂಡು ಮಾಡಿದರೆ ಪ್ರತಿ ತುಂಡಿನಲ್ಲಿ ಹತ್ತು ಹನ್ನೆರಡು ಪಂದ್ಯ ಉಳಿಯುತ್ತವೆ. ಅಷ್ಟರಿಂದ ಒಬ್ಬ ಆಟಗಾರನ ಬೆಲೆ ಕಟ್ಟಲಾಗದು.

ಹಾಗಾಗಿ ಸದ್ಯದ ತೀರ್ಪು: 2023ರಲ್ಲಿ ಸುಧಾರಣೆ ಇರಲಿಲ್ಲ, 2024ರಲ್ಲಿ ಅರ್ಧ ಬಂದು ಅರ್ಧ ಹೋಯಿತು, 2025ರದು ನಿಜ, ಅದು ರಕ್ಷಣೆಯದು.

ಇದೇ ಅಳತೆಗೋಲನ್ನು ಬೇರೆಯವರಿಗೆ ಹಿಡಿದಾಗ

ಬುಲ್‌ಡಾಗ್ಸ್‌ಗೆ ಚೆನ್ನಾಗಿ ಹೊಂದಿತು. 2022ರಲ್ಲೂ 2023ರಲ್ಲೂ ಏಳೇ ಗೆಲುವು. ಆದರೆ ಕ್ಯಾಮರಾನ್ ಸಿರಾಲ್ಡೊ ಕೋಚ್ ಆದ 2023ರಲ್ಲಿ ಬಿಟ್ಟುಕೊಟ್ಟದ್ದು 575ರಿಂದ 769ಕ್ಕೆ ಹಾರಿತ್ತು. ಮುಂದಿನ ವರ್ಷ 433, ಅದರ ಮುಂದಿನ ವರ್ಷ 414. ಗೆಲುವು 14, ನಂತರ 16. ಗಳಿಕೆ 438ರಿಂದ 529ಕ್ಕೆ ಬಂದು 534ರಲ್ಲಿ ನಿಂತಿದೆ. ಮೇಲೆದ್ದ ತಂಡ ರಕ್ಷಣೆಯ ಹೆಗಲೇರಿಯೇ ಎದ್ದಿದೆ. ಟೈಗರ್ಸ್ 2025ರ ಬಗ್ಗೆ ಭರವಸೆ ಇಡಲು ಇದಕ್ಕಿಂತ ಒಳ್ಳೆಯ ಕಾರಣ ಕಾಣುತ್ತಿಲ್ಲ.

ನ್ಯೂಕ್ಯಾಸಲ್ ನೈಟ್ಸ್ ಮಾತ್ರ ಎಚ್ಚರಿಕೆಯ ಗಂಟೆ. 2022ರಲ್ಲಿ 6 ಗೆಲುವು, ಅಂತರ ಮೈನಸ್ 290. 2023ರಲ್ಲಿ 14 ಗೆಲುವು, ಒಂದು ಡ್ರಾ, ಅಂತರ ಪ್ಲಸ್ 175. ಸೀಸನ್‌ನ ಕೊನೆಯ ಒಂಬತ್ತು ಪಂದ್ಯ ಸತತ ಗೆಲುವು. ಪೈಥಾಗೊರಸ್ ಲೆಕ್ಕ ಅದಕ್ಕೆ 15.8 ಗೆಲುವು ಕೊಡುತ್ತದೆ, ಅಂದರೆ ಅದೃಷ್ಟದ ಪಾಲೇ ಇಲ್ಲ. ಆದರೂ 2024ರಲ್ಲಿ ಮೈನಸ್ 40, 2025ರಲ್ಲಿ ಮತ್ತೆ 6 ಗೆಲುವು, ಮೈನಸ್ 300. ಈ ಸೂತ್ರ ಆ ವರ್ಷದ ಫಲಿತಾಂಶ ನ್ಯಾಯವಾದದ್ದೇ ಎಂದು ಹೇಳುತ್ತದೆ. ಆ ಆಟ ಮುಂದಿನ ವರ್ಷಕ್ಕೂ ಉಳಿಯುತ್ತದೆಯೇ ಎಂದು ಹೇಳುವುದಿಲ್ಲ.

ಕ್ಯಾನ್‌ಬೆರಾ ರೈಡರ್ಸ್ ಸೂತ್ರವನ್ನೇ ತಬ್ಬಿಬ್ಬು ಮಾಡಿತು. 2023ರಲ್ಲಿ ಮೈನಸ್ 137 ಅಂತರ ಇಟ್ಟುಕೊಂಡು 13 ಪಂದ್ಯ ಗೆದ್ದರು. ಲೆಕ್ಕದ ಪ್ರಕಾರ 9. 2024ರಲ್ಲಿ 9ಕ್ಕೆ ಬದಲು 12. 2025ರಲ್ಲಿ 15ಕ್ಕೆ ಬದಲು 19. ಒಂದು ವರ್ಷವಾದರೆ ಅದೃಷ್ಟ ಎನ್ನಬಹುದು. ಮೂರು ವರ್ಷ ಸಾಲಾಗಿ ಹೀಗಾದರೆ, ಬಿಗಿಯಾದ ಪಂದ್ಯ ಗೆಲ್ಲುವುದೂ ಸೋಲುವಾಗ ದೊಡ್ಡದಾಗಿ ಸೋಲುವುದೂ ಆ ತಂಡದ ಸ್ವಭಾವವೇ ಇರಬಹುದು. ಇದು ಇನ್ನೂ ಬಗೆಹರಿದಿಲ್ಲ. 6 ಪಾಯಿಂಟ್ ಒಳಗೆ ಮುಗಿದ ಪಂದ್ಯಗಳಿಗೆ ಬೇರೆ ಹಾಳೆ ತೆರೆದಾಗಿದೆ.

ಈಗ ತುಂಬುತ್ತಿರುವ ಕಾಲಂಗಳು

ಎದುರಾಳಿಯ ಬಲ: 16 ಎದುರಾಳಿಗಳಲ್ಲಿ ಎಂಟು ತಂಡಗಳನ್ನು ಎರಡು ಸಲ, ಉಳಿದ ಎಂಟನ್ನು ಒಂದೇ ಸಲ ಎದುರಿಸುವುದರಿಂದ ಎಲ್ಲರ ವೇಳಾಪಟ್ಟಿ ಸಮವಲ್ಲ. ಪ್ರತಿ ಪಂದ್ಯದ ಅಂತರಕ್ಕೆ ಆ ಎದುರಾಳಿಯ ಸರಾಸರಿ ಅಂತರ ಕೂಡಿಸಬೇಕು, ನಮ್ಮೆದುರಿನ ಪಂದ್ಯ ಬಿಟ್ಟು. 2024ರ ಮೆಲ್ಬರ್ನ್ ಸ್ಟಾರ್ಮ್ ಸರಾಸರಿ 10 ಪಾಯಿಂಟ್ ಮುಂದಿರುತ್ತಿದ್ದ ತಂಡ. ಅದಕ್ಕೆ 10ರಿಂದ ಸೋತರೆ ಸೊನ್ನೆ, ಅಂದರೆ ಸಾಧಾರಣ ತಂಡದ ಆಟ. ನಮ್ಮ ಪಂದ್ಯ ಬಿಡುವುದನ್ನು ಮರೆತರೆ ನಮ್ಮ ಸೋಲೇ ಎದುರಾಳಿಯನ್ನು ಬಲಶಾಲಿ ಮಾಡಿ ತೋರಿಸುತ್ತದೆ.

60ನೇ ನಿಮಿಷದ ಸ್ಕೋರ್: 80 ನಿಮಿಷಗಳ ಆಟದಲ್ಲಿ ಕೈಬಿಟ್ಟ ಪಂದ್ಯದ ಕೊನೆಯ 20 ನಿಮಿಷಗಳಲ್ಲಿ ಸುಲಭವಾಗಿ ಬರುವ ಟ್ರೈಗಳನ್ನು ಬೇರ್ಪಡಿಸಲು.

ಸಿನ್‌ಬಿನ್ ನಿಮಿಷ: ತಪ್ಪಿಗಾಗಿ ಒಬ್ಬ ಆಟಗಾರ ಹೊರಗೆ ಕೂತು, 12 ಜನರೊಂದಿಗೆ ಆಡಿದ ಹತ್ತು ನಿಮಿಷದಲ್ಲಿ ಬಿಟ್ಟುಕೊಟ್ಟದ್ದು ರಕ್ಷಣೆಯ ದೋಷವೋ ಶಿಸ್ತಿನ ದೋಷವೋ ತಿಳಿಯಲು. ಜೊತೆಗೆ 1, 6, 7, 9 ಜರ್ಸಿಗಳಲ್ಲಿ (ದಾಳಿಯನ್ನು ನಡೆಸುವ ಸ್ಥಾನಗಳು) ಯಾರು ಗೈರು ಎಂಬುದು, ಮತ್ತು ಆಟಗಾರರು ರಾಜ್ಯ ತಂಡಗಳಿಗೆ ಹೋಗಿ ಆಡುವ ಸ್ಟೇಟ್ ಆಫ್ ಆರಿಜಿನ್ ಸರಣಿಯ ಸಮಯದಲ್ಲಿ ಎದುರಾಳಿಗೆ ಎಷ್ಟು ಮಂದಿ ಇರಲಿಲ್ಲ ಎಂಬುದು.

ಕಂಪ್ಲೀಷನ್ ರೇಟ್ ಕಾಲಂ ಹಾಕಿ ತೆಗೆದದ್ದಾಯಿತು. ಚೆಂಡು ಕಳೆದುಕೊಳ್ಳದೆ ಎಷ್ಟು ಸೆಟ್ ಮುಗಿಸಿದರು ಎಂಬ ಲೆಕ್ಕ ಅದು. ಪಾಸ್ ಮಾಡದೆ, ಅಪಾಯ ತೆಗೆದುಕೊಳ್ಳದೆ ಐದು ಸಲ ನೇರ ನುಗ್ಗಿ ಕಿಕ್ ಮಾಡುವ ತಂಡಕ್ಕೂ ಅದು ಚೆನ್ನಾಗಿಯೇ ಬರುತ್ತದೆ, ಟ್ರೈ ಬರುವುದಿಲ್ಲ.

ಸರಾಸರಿ ತೆಗೆಯುವುದು ಕಳೆದ 12 ಪಂದ್ಯಗಳ ಮೇಲೆ, ಸುತ್ತುಗಳ ಮೇಲಲ್ಲ. ಸುತ್ತು ಎಣಿಸಿದರೆ ಬೈ ವಾರ ಸೊನ್ನೆಯಾಗಿ ನುಸುಳುತ್ತದೆ. ಸೀಸನ್‌ನ ಮೊದಲ ಐದಾರು ಪಂದ್ಯಗಳಲ್ಲಿ ಹಳೆಯ ವರ್ಷದ ಪಂದ್ಯಗಳೇ ಲೆಕ್ಕವನ್ನು ಎಳೆಯುತ್ತವೆ, ಆಗ ಯಾವ ತೀರ್ಪೂ ಬೇಡ.

ಮುಂದಿನ ಗುರಿ ಶೀಟ್‌ನ ಮೇಲ್ತುದಿಯಲ್ಲಿ ಬರೆದಿದೆ. 2025ರಲ್ಲಿ ಎಂಟನೇ ಸ್ಥಾನದ ರೂಸ್ಟರ್ಸ್ ಗೆದ್ದದ್ದು 13. ಹದಿಮೂರು ಬರಬೇಕಾದರೆ ಪಂದ್ಯಕ್ಕೆ ಸುಮಾರು 22.8 ಗಳಿಸಿ 21 ಬಿಟ್ಟುಕೊಡಬೇಕು. 2025ರಲ್ಲಿ ಟೈಗರ್ಸ್ ಇದ್ದದ್ದು 19.9 ಮತ್ತು 25.5ರಲ್ಲಿ. ರಕ್ಷಣೆಯಲ್ಲಿ ಇನ್ನೊಂದು ಟ್ರೈಯಷ್ಟು ಉಳಿಸಬೇಕು, ದಾಳಿಯಲ್ಲಿ 3 ಪಾಯಿಂಟ್ ಹುಡುಕಬೇಕು. 12 ಪಂದ್ಯಗಳ ಸರಾಸರಿಯಲ್ಲಿ ಬಿಟ್ಟುಕೊಟ್ಟದ್ದು 23ಕ್ಕಿಂತ ಕೆಳಗೆ ಬಂದು ನಿಂತ ದಿನ ಈ ಹಾಳೆಗೆ ಮುಂದಿನ ನಮೂದು.