ಹೊಟ್ಟೆ ಕಾಣದ ತಿಂಗಳುಗಳು

ಜುಲೈ 11, 2025, ಶುಕ್ರವಾರ
ಡೊಂಬಿವಲಿ

ಕುಚಲಕ್ಕಿ ಬೇಯುವ ವಾಸನೆ ಬಂದರೆ ಸಾಕು, ಬಾತ್‌ರೂಮಿಗೆ ಓಡಬೇಕು. ಜ್ವರ ಬಂದರೂ ಗಂಜಿ, ಬೇಜಾರಾದರೂ ಗಂಜಿ ಅಂತ ಬೆಳೆದವಳು ನಾನು. ಈಗ ಇವರು ನಾನು ಮಲಗುವ ಕೋಣೆಯ ಬಾಗಿಲು ಹಾಕಿ, ಅಡುಗೆಮನೆ ಕಿಟಕಿ ಪೂರ್ತಿ ತೆಗೆದು ತಮ್ಮ ಅನ್ನ ಮಾಡಿಕೊಳ್ಳುತ್ತಾರೆ. ಒಗ್ಗರಣೆ ಅಂತೂ ಬಂದ್.

ಹೌದು, ಅದೇ ವಿಷಯ. ಬಸಿರಿನ ಒಂಬತ್ತನೇ ವಾರ ನಡೆಯುತ್ತಿದೆ. ಇಲ್ಲಿ ಓದುವವರಿಗೆ ಹೇಳಿಬಿಟ್ಟೆ. ಅಮ್ಮನಿಗೆ ಗೊತ್ತಾದರೆ ಬೈಯುತ್ತಾಳೆ.

ವಾಕರಿಕೆ ಬೆಳಿಗ್ಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ನನಗೆ ಸಂಜೆಯೇ ಜಾಸ್ತಿ. ಹೊಟ್ಟೆ ಖಾಲಿಯಾದರೆ ಇನ್ನೂ ಕಷ್ಟ, ತುಂಬಿದರೂ ಕಷ್ಟ. ದಿಂಬಿನ ಪಕ್ಕ ಡಬ್ಬಿಯಲ್ಲಿ ಮಂಡಕ್ಕಿ ಇದೆ. ಏಳುವ ಮೊದಲು ಒಂದು ಹಿಡಿ ತಿಂದು, ಸ್ವಲ್ಪ ಹೊತ್ತು ಹಾಗೇ ಬಿದ್ದುಕೊಂಡು ಆಮೇಲೆ ಏಳುತ್ತೇನೆ. ನೀರು ಗುಟುಕು ಗುಟುಕಾಗಿಯೇ. ರಾತ್ರಿ ಡಾಕ್ಟರ್ ಬರೆದುಕೊಟ್ಟ ಡಾಕ್ಸಿಲಮೀನ್ ಮತ್ತು ಬಿ6 ಇರುವ ಮಾತ್ರೆ. ಅದು ನಿದ್ದೆ ಬರಿಸುತ್ತದೆ, ಅದೂ ಒಂದು ಉಪಕಾರವೇ.

ಇವತ್ತು ಬೆಳಿಗ್ಗೆ ಮುಂಬೈ ಲೋಕಲ್ ರೈಲಿನಲ್ಲಿ ನಡೆದದ್ದನ್ನು ಬರೆಯಲೇಬೇಕು. ಮಳೆ, ಒದ್ದೆ ಛತ್ರಿಗಳು, ಹೆಂಗಸರ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಒಬ್ಬರ ತಲೆಯ ಎಣ್ಣೆ, ಇನ್ನೊಬ್ಬರ ಮಲ್ಲಿಗೆ, ಯಾರದೋ ಚೀಲದಿಂದ ಬಟಾಟೆ ಭಾಜಿ. ದುಪಟ್ಟಾ ಮೂಗಿಗೆ ಒತ್ತಿಕೊಂಡು ಕಂಬ ಹಿಡಿದು ನಿಂತಿದ್ದೆ. ಬಾಯಲ್ಲಿ ಒಣ ನೆಲ್ಲಿ ಚೂರು. ಪಕ್ಕದಲ್ಲಿದ್ದ ಹೆಂಗಸು, ಅಮ್ಮನ ವಯಸ್ಸಿರಬಹುದು, ನನ್ನನ್ನೇ ನೋಡುತ್ತಿದ್ದರು. ಆಮೇಲೆ ಕಿವಿಯ ಹತ್ತಿರ ಬಂದು ಕೇಳಿದರು, 'ಕಿತವಾ ಮಹಿನಾ?'

ಎಷ್ಟನೇ ತಿಂಗಳು ಅಂತ. ಅಷ್ಟೇ. ಹುಷಾರಿಲ್ಲವಾ ಅಂತಲ್ಲ, ಆಸಿಡಿಟಿಯಾ ಅಂತಲ್ಲ.

'ದುಸ್ರಾ ಸಂಪತ್ ಆಲಾ' ಅಂದೆ, ಎರಡನೆಯದು ಮುಗಿಯುತ್ತಾ ಬಂತು ಅಂತ. ಹೇಳುವಾಗಲೇ ಕಣ್ಣು ತುಂಬಿತು. ಅವರು ತಿರುಗಿ, ಕೂತಿದ್ದವರಿಗೆ ಗಟ್ಟಿಯಾಗಿ 'ಹಿಲಾ ಬಸೂ ದ್ಯಾ' ಅಂದರು. ಥಾಣೆ ಸ್ಟೇಷನ್ನಿನಾಚೆ ಯಾರು ಇಳಿದರೆ ಯಾರಿಗೆ ಸೀಟು ಅಂತ ಲೆಕ್ಕ ಹಾಕಿ ನಿಲ್ಲುವ ಊರಿದು. ಅಂಥದ್ದರಲ್ಲಿ ಕಿಟಕಿಯ ಹುಡುಗಿ ಎದ್ದೇಬಿಟ್ಟಳು. ಘಾಟ್‌ಕೋಪರ್ ತನಕ ನನ್ನ ಸುತ್ತ ಪಂಚಾಯಿತಿ. ಒಬ್ಬರು ಲಿಂಬೆಹಣ್ಣು ಮೂಸು ಅಂದರು. ಇನ್ನೊಬ್ಬರು ಕೋಕಂ ಸರಬತ್ತು, ಸಕ್ಕರೆ ಕಮ್ಮಿ ಹಾಕಿ. ನಮ್ಮ ಪುನರ್ಪುಳಿಯೇ ತಾನೆ ಅದು. ಮತ್ತೊಬ್ಬರು ಪರ್ಸಿನಿಂದ ಆಲೇಪಾಕ್ ತೆಗೆದು ಕೈಗಿಟ್ಟರು. ಶುಂಠಿ, ಸಕ್ಕರೆ. ಕಚ್ಚಿದಾಗ ಖಾರ ಗಂಟಲಿಗೆ ಇಳಿದು, ನಿಜವಾಗಿ ಸ್ವಲ್ಪ ಸಮಾಧಾನವಾಯಿತು. ದಿವ್ಯಾಂಗರ ಡಬ್ಬಿಯಲ್ಲಿ ಬಸುರಿಯರೂ ಹತ್ತಬಹುದು, ಡಾಕ್ಟರ ಚೀಟಿ ಜೊತೆಗಿಟ್ಟುಕೋ ಅಂದರು ಆ ಹಿರಿಯ ಹೆಂಗಸು. ಹೊಟ್ಟೆಯೇ ಕಾಣದಿರುವಾಗ ಬರೀ ಬಾಯಿ ಮಾತನ್ನು ಯಾರು ನಂಬುತ್ತಾರೆ, ಅಲ್ವಾ?

ಆಫೀಸಿನಲ್ಲಿ ಗೊತ್ತಿರುವುದು ಒಬ್ಬಳಿಗೇ. ಅವಳು ಮಧ್ಯಾಹ್ನ 'ಎಲ್ಲಾ ಮನಸ್ಸಿನದು, ಜಾಸ್ತಿ ಯೋಚನೆ ಮಾಡಬೇಡ' ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೂ ತುಂಬಾ ಕೋಪ ಬಂತು. ಹತ್ತು ಬಸುರಿಯರಲ್ಲಿ ಏಳೆಂಟು ಮಂದಿಗೆ ಇದು ಬರುತ್ತದೆ. ವಾಕರಿಕೆ ತರುವ ಜಿಡಿಎಫ್15 ಅನ್ನುವ ಹಾರ್ಮೋನು ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಏರುತ್ತದೆ. ಅದರಲ್ಲಿ ಹೆಚ್ಚಿನದು ಮಗುವಿನ ಕಡೆಯಿಂದ, ಮಾಸಿನಿಂದ ಬರುವುದು. ಬಸಿರಿಗೆ ಮುಂಚೆ ಅದು ಯಾರ ಮೈಯಲ್ಲಿ ಕಮ್ಮಿ ಇತ್ತೋ ಅವರಿಗೆ ಪೆಟ್ಟು ಜೋರು ಅಂತ 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಸಂಶೋಧನೆ ಬಂದಿದೆ. ಇಷ್ಟು ಕಾಲ ಎಷ್ಟು ಹೆಂಗಸರಿಗೆ 'ನಖರಾ' ಅಂದಿರಬೇಡ. ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ನಿಂತಾಗ ತಲೆ ತಿರುಗಿದರೆ ಕಾಯಬೇಡ, ನೇರ ಬಂದುಬಿಡು ಅಂದಿದ್ದಾರೆ ಡಾಕ್ಟರ್. ಯೋಚನೆ ಮಾಡದೇ ಇದ್ದರೆ ಹೋಗುವ ಕಾಯಿಲೆಗೆ ಯಾರಾದರೂ ಹಾಗನ್ನುತ್ತಾರಾ?

ರಾತ್ರಿ ಅಮ್ಮನಿಗೆ ಫೋನ್ ಮಾಡಿ ರೈಲಿನ ಕಥೆ ಹೇಳಿದೆ. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಸುಮ್ಮನಾದಳು. ಆಮೇಲೆ, 'ಮೂರ್ ತಿಂಗ್ಳ್ ಕಳೀಲಿ ಮಗಾ, ಯಾರಿಗೂ ಹೇಳುಕೆ ಹೋಯ್ಬೇಡ' ಅಂತ ಅದೇ ಮಾತು. ದೃಷ್ಟಿ ಆಗುತ್ತೆ ಅಂತ ತಾನೆ, ಅದನ್ನೆಲ್ಲ ಈಗ ಯಾರು ನಂಬುತ್ತಾರೆ ಅಂದೆ. ಜೋರಾಗಿಯೇ ಅಂದೆ.

ದೃಷ್ಟಿ ಅಲ್ಲವಂತೆ. ನನಗಿಂತ ಮುಂಚೆ ಅವಳಿಗೆ ಒಂದು ಹೋಗಿತ್ತಂತೆ. ನನಗೆ ಇದುವರೆಗೂ ಗೊತ್ತಿರಲಿಲ್ಲ. ಚಿಕ್ಕಿಗೆ ಗೊತ್ತಂತೆ, ಅಪ್ಪ ಯಾವತ್ತೂ ಆ ಮಾತು ಎತ್ತಿಲ್ಲವಂತೆ. ಆಗ ಕುಂದಾಪುರದ ಮನೆಯಲ್ಲಿ ಸಂತೋಷಕ್ಕೆ ಎಲ್ಲರಿಗೂ ಹೇಳಿಯಾಗಿತ್ತು. ಮೂರನೇ ತಿಂಗಳಲ್ಲಿ ಹೋಯಿತು. 'ಇಲ್ಲ ಅಂದೇಳಿಯೂ ನಾನೇ ಹೇಳ್ಕಾಯ್ತ್ ಮಗಾ, ಮನೆ ಮನೆಗೆ.' ದೇವಸ್ಥಾನದಲ್ಲಿ, ಬಾವಿಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಸಿಕ್ಕವರೆಲ್ಲ ಕೇಳುವವರೇ. ಕೆಲವರು ತಿಂಗಳುಗಳಾದ ಮೇಲೂ ಗೊತ್ತಿಲ್ಲದೆ ಕೇಳಿದರಂತೆ.

ನನಗೆ ಏನು ಹೇಳಬೇಕು ಅಂತಲೇ ತೋಚಲಿಲ್ಲ. ಈಗಲೂ ತೋಚುತ್ತಿಲ್ಲ. ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಾಳೆ.

ಆದರೂ ಅಮ್ಮ, ಆಗ ನಿನಗೆ ಯಾರೂ ಏನೂ ಕೇಳದಿದ್ದರೆ ಒಳ್ಳೆಯದಿತ್ತಾ? ಒಬ್ಬಳೇ ಕೂತು ಅಳಬೇಕಿತ್ತಲ್ಲ. ಗರ್ಭ ಹೋಗುವುದು ಹೆಚ್ಚಾಗಿ ಈ ಮೊದಲ 12 ವಾರಗಳಲ್ಲೇ. ಮೈಗೆ ತಡೆಯಲಾಗದ ದಿನಗಳೂ ಇವೇ. ಯಾರಾದರೂ ಬೆನ್ನು ನೀವಬೇಕಾದ ದಿನಗಳೂ ಇವೇ. ಆಗಲೇ ಬಾಯಿ ಮುಚ್ಚಿಕೊಂಡಿರಬೇಕು ಅಂದರೆ ಹೇಗೆ? 16ನೇ ವಾರದ ಹೊತ್ತಿಗೆ ಬಹಳ ಜನರಿಗೆ ವಾಕರಿಕೆ ಇಳಿಯುತ್ತದೆ. ಆಗ ಎಲ್ಲರೂ ಸೀಟು ಕೊಡುತ್ತಾರೆ, ಹಣ್ಣು ಕೊಡುತ್ತಾರೆ.

ವಾಕರಿಕೆ ಇರುವವರಲ್ಲಿ ಗರ್ಭ ಹೋಗುವುದು ಕಮ್ಮಿ ಅಂತ ಎಲ್ಲೋ ಓದಿದ್ದನ್ನು ಅಮ್ಮನಿಗೆ ಹೇಳಿದೆ. ವಾಕರಿಕೆಯೇ ಇಲ್ಲದ ಬಸಿರೂ ಚೆನ್ನಾಗಿ ಸಾಗುತ್ತದೆ, ಅಂಥವರು ಹೆದರಬೇಕಾಗಿಲ್ಲ. ಆದರೆ ಇವತ್ತು ನನಗೂ ಅವಳಿಗೂ ಅದು ಬೇಕಿತ್ತು. 'ಹಂಗಾರೆ ವಾಂತಿ ಆಗ್ಲಿ ಬಿಡ್' ಅಂದಳು. ಪುನರ್ಪುಳಿ ಒಣಗಿಸಿದ್ದು ಪಾರ್ಸೆಲ್ ಕಳಿಸುತ್ತಾಳಂತೆ, ಇಲ್ಲಿಯದು ಸರಿಯಿಲ್ಲವಂತೆ.

ಸೋಮವಾರ ಮ್ಯಾನೇಜರಿಗೆ ಹೇಳಬೇಕು ಅಂತ ಇದ್ದೇನೆ. ಹೆರಿಗೆಗೆ 26 ವಾರ ರಜೆ ಅಂತ ಎಲ್ಲರಿಗೂ ಗೊತ್ತು. ಬಸಿರಿನಿಂದ ಬರುವ ಕಾಯಿಲೆಗೂ ಒಂದು ತಿಂಗಳವರೆಗೆ ಸಂಬಳದ ರಜೆ ಕಾನೂನಿನಲ್ಲೇ ಇದೆ. ನನಗೆ ರಜೆ ಬೇಡ, ಗದ್ದಲ ಇಳಿದ ಮೇಲೆ ಹನ್ನೊಂದರ ಗಾಡಿಗೆ ಹೊರಡಲು ಬಿಟ್ಟರೆ ಸಾಕು. ಹೇಳಿದರೆ ಒಬ್ಬರಲ್ಲಿ ನಿಲ್ಲುವ ಮಾತಾ ಅದು? ಬಾಯಲ್ಲಿ ಹೇಳಿದರೆ ಸಾಕಾ, ಮೇಲ್‌ನಲ್ಲಿ ಬರೆಯಬೇಕಾ? ಮೇಲ್ ಅಂದರೆ ಮತ್ತೆ ಎಚ್‌ಆರ್‌ಗೂ ಹೋಗುತ್ತದೆ, ಆಮೇಲೆ ಅಕಸ್ಮಾತ್…