ಲೋಕಲ್ ಹತ್ತುವ ಮುನ್ನ ಪಾಸ್‌ಕೀ ಮಾಡಿಟ್ಟುಕೊಳ್ಳಿ

ಮುಂಬೈ ಲೋಕಲ್ ರೈಲು ಹತ್ತುವ ದಾದರಿನ ನೂಕುನುಗ್ಗಲಲ್ಲಿ ಫೋನ್ ಹೋಯಿತೆಂದರೆ ಒಟಿಪಿ ಬರುವ ಸಿಮ್ಮೂ ಜೊತೆಗೇ ಹೋಯಿತು. ಅದಕ್ಕೇ ಮಾಟುಂಗ, ಡೊಂಬಿವಲಿಯ ನಮ್ಮವರಿಗೆಲ್ಲ ಹೇಳುವುದು: ಪಾಸ್‌ವರ್ಡಿನ ಬದಲು ಬೆರಳಚ್ಚು ಅಥವಾ ಸ್ಕ್ರೀನ್ ಲಾಕಿನಿಂದಲೇ ಖಾತೆ ತೆರೆಯುವ ಪಾಸ್‌ಕೀ ಫೋನಿನಲ್ಲೂ ಇರಲಿ, ಮನೆಯ ಲ್ಯಾಪ್‌ಟಾಪಿನಲ್ಲೂ ಇನ್ನೊಂದಿರಲಿ.

ಗೂಗಲ್ ಖಾತೆಗೆ ಇದು ಎರಡು ನಿಮಿಷದ ಕೆಲಸ. ಆಂಡ್ರಾಯ್ಡ್ 9 ಅಥವಾ ಐಒಎಸ್ 16, ಇಲ್ಲವೇ ಅದಕ್ಕಿಂತ ಹೊಸದು ಬೇಕು. ಸ್ಕ್ರೀನ್ ಲಾಕ್ ಹಾಕಿರಬೇಕು. ಖಾತೆಯ ಸೆಕ್ಯುರಿಟಿ ಪುಟದಲ್ಲಿ ಪಾಸ್‌ಕೀ ವಿಭಾಗ ತೆರೆದು, ಹೊಸದನ್ನು ರಚಿಸಲು ಒತ್ತಿ, ಬೆರಳಿಡಿ. ಬೆರಳಚ್ಚು ಫೋನ್ ಬಿಟ್ಟು ಆಚೆ ಹೋಗುವುದಿಲ್ಲ. ಪಾಸ್‌ಕೀ ಅಸಲಿ ಜಾಲತಾಣದ ವಿಳಾಸಕ್ಕೇ ಅಂಟಿಕೊಂಡಿರುವುದರಿಂದ ನಕಲಿ ಪುಟದಲ್ಲಿ ಕೆಲಸವೇ ಮಾಡದು. ಪಾಸ್‌ವರ್ಡಿಗೆ ಈ ಶಕ್ತಿ ಎಂದೂ ಇರಲಿಲ್ಲ.

ಬೇರೆ ಕಂಪ್ಯೂಟರಿನಲ್ಲಿ ಲಾಗಿನ್ ಆಗುವಾಗ ಅದರ ಪರದೆಯ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೂ ಮುಂದೆ ಹೋಗದಿದ್ದರೆ ಮೊದಲು ಬ್ಲೂಟೂತ್ ನೋಡಿ. ಎರಡೂ ಕಡೆ ಆನ್ ಇರಬೇಕು, ಪೇರ್ ಮಾಡಬೇಕಿಲ್ಲ. ಫೋನ್ ಪಕ್ಕದಲ್ಲೇ ಇದೆಯೆಂದು ತಿಳಿಯುವುದು ಅದರಿಂದಲೇ. ಸೈಬರ್ ಕೆಫೆಯ ಯಂತ್ರದಲ್ಲಿ ಮಾತ್ರ ಪಾಸ್‌ಕೀ ರಚಿಸಲೇಬೇಡಿ. ಅದರ ಲಾಕ್ ತೆರೆಯಬಲ್ಲವರು ನಿಮ್ಮ ಖಾತೆಯನ್ನೂ ತೆರೆಯಬಲ್ಲರು.

ಇನ್ನು ಫೋನಿನ ಪಿನ್. 1234 ಇಟ್ಟಿದ್ದರೆ ಇವತ್ತೇ ಬದಲಿಸಿ, ಕನಿಷ್ಠ ಆರಂಕಿ ಇರಲಿ. ಲೋಕಲ್‌ನಲ್ಲಿ ಒತ್ತಿಕೊಂಡು ನಿಂತಾಗ ಒತ್ತುವ ಪಿನ್ ಪಕ್ಕದವರ ಕಣ್ಣಿಗೆ ಬೀಳುತ್ತದೆ, ಅಲ್ಲಿ ಬೆರಳಚ್ಚೇ ವಾಸಿ. ಎರಡು ಹಂತದ ಪರಿಶೀಲನೆ ಆನ್ ಇದ್ದರೆ ಸಿಗುವ, ಫೋನ್ ಇಲ್ಲದಾಗ ಲಾಗಿನ್ ಆಗಲು ನೆರವಾಗುವ 10 ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ.

ಫೋನ್ ಕಳೆದರೆ ಲ್ಯಾಪ್‌ಟಾಪಿನಿಂದ ಆ ಸಾಧನವನ್ನು ಸೈನ್ ಔಟ್ ಮಾಡಿ, ಪಟ್ಟಿಯಲ್ಲಿ ಅದರ ಪಾಸ್‌ಕೀಯನ್ನೂ ತೆಗೆಯಿರಿ.