ನಂದಾ ಕೆರೆಗೆ ಒಂದು ಸುತ್ತು

ವಾಸ್ಕೊ, ಭಾನುವಾರ, 2 ಫೆಬ್ರವರಿ 2025

ಇವತ್ತು ವಿಶ್ವ ಜೌಗುಭೂಮಿ ದಿನ. 1971ರಲ್ಲಿ ಇದೇ ದಿನ ಇರಾನಿನ ರಾಮ್ಸರ್ ಊರಲ್ಲಿ ಜೌಗುಗಳನ್ನು ಉಳಿಸುವ ಒಪ್ಪಂದ ಆಯಿತು. ಆ ಒಪ್ಪಂದದಡಿ ಮಹತ್ವದ ಜೌಗುಗಳ ಒಂದು ಪಟ್ಟಿ ಇದೆ. ಅದಕ್ಕೆ ಗೋವಾದಿಂದ ಮೊದಲು ಸೇರಿದ್ದು ಕುಡ್ಚಡೆಯ ನಂದಾ ಕೆರೆ, 2022ರಲ್ಲಿ. ನಮ್ಮ ರಂಗನತಿಟ್ಟು ಸೇರಿದ್ದೂ ಅದೇ ವರ್ಷ. ಹುಬ್ಬಳ್ಳಿ ರೈಲಿನಲ್ಲಿ ಊರಿಗೆ ಹೋಗುವಾಗೆಲ್ಲ ಕುಡ್ಚಡೆ ದಾಟುತ್ತೇವೆ. ಇಳಿದದ್ದು ಇವತ್ತೇ. ಪಕ್ಕದ ಮನೆಯ ಅಣ್ಣಾರೂ ಅವರ ಮಗಳೂ ಜೊತೆಗೆ ಬಂದರು. ಅವರದು ಶಿರಹಟ್ಟಿ ಕಡೆ.

ಕೆರೆ ದೊಡ್ಡದೇನಲ್ಲ, ಸುಮಾರು 42 ಹೆಕ್ಟೇರ್. ಬಿರಬಿರನೆ ನಡೆದರೆ ಬೇಗ ಮುಗಿದೀತು. ನಮಗೆ ಮಧ್ಯಾಹ್ನ ದಾಟಿತು. ಸ್ವಲ್ಪ ದೂರ ರಸ್ತೆ, ಆಮೇಲೆ ಗದ್ದೆ ಬದು, ಕೆಲವು ಕಡೆ ಕಾಲಿಟ್ಟರೆ ಹೂತುಹೋಗುವ ಹುದುಲು. ಅಲ್ಲಿ ಬಳಸಿಕೊಂಡೇ ಹೋಗಬೇಕು.

ಮೊದಲು ಕಂಡದ್ದು ದೇವನಕ್ಕಿ. ಬೆನ್ನು ಕಂಚಿನ ಬಣ್ಣ, ಕಣ್ಣಿನ ಮೇಲೆ ಬಿಳಿ ಹುಬ್ಬು. ತಾವರೆ ಎಲೆಯ ಮೇಲೆ ಕಾಲಿಟ್ಟಾಗ ಎಲೆ ಒಂಚೂರು ಬಾಗಿತು, ಅಂಚಿನಿಂದ ನೀರು ಒಳಗೆ ಬಂತು, ಅಷ್ಟರಲ್ಲಿ ಹಕ್ಕಿ ಮುಂದಿನ ಎಲೆಯ ಮೇಲಿತ್ತು. ಬೆರಳುಗಳು ಎಷ್ಟು ಉದ್ದ ಅಂದರೆ, ಮೈಭಾರವೆಲ್ಲ ಅಗಲಕ್ಕೆ ಹಂಚಿಹೋಗುತ್ತದೆ. ಈ ಹಕ್ಕಿಯಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವುದು ಗಂಡು. ಅಪಾಯ ಬಂದರೆ ಮರಿಗಳನ್ನು ರೆಕ್ಕೆಯ ಕೆಳಗೆ ಅವುಚಿಕೊಂಡು ಓಡುತ್ತದೆ. ಅದನ್ನು ಕೇಳಿ ಹುಡುಗಿ ಅಪ್ಪನ ಕಡೆ ನೋಡಿ ನಕ್ಕಳು.

ಮುಂದೆ ಸಿಳ್ಳೆ ಬಾತುಗಳು, ನೀರುಕಾಗೆ, ಬೆಳ್ಳಕ್ಕಿ, ಬಿಳಿ ಕೆಂಬರಲು. ಮೇಲೆ ಒಂದು ಗರುಡ ಸುತ್ತು ಹಾಕುತ್ತಲೇ ಇತ್ತು.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಕೆಸರು. ಹುಡುಗಿ ಕೋಲಿನಿಂದ ಸುಮ್ನೆ ಕೆದಕಿದಳು. ಕಪ್ಪು ಕೆಸರಿನಿಂದ ಗುಳುಗುಳು ಗುಳ್ಳೆ ಎದ್ದವು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. "ಗಲೀಜು" ಅಂದಳು. ಗಲೀಜಲ್ಲ. ನೀರಿನಡಿಯ ಆ ಕೆಸರಿಗೆ ಗಾಳಿ ತಾಗುವುದಿಲ್ಲ. ಬಿದ್ದ ಎಲೆ, ಬೇರು ಪೂರ್ತಿ ಕೊಳೆಯದೆ ಉಳಿಯುತ್ತವೆ, ಅವುಗಳ ಇಂಗಾಲವೂ ಅಲ್ಲೇ ಉಳಿಯುತ್ತದೆ. ಜೌಗನ್ನು ಬತ್ತಿಸಿದರೆ ಗಾಳಿ ಒಳಹೊಕ್ಕು, ಕೂಡಿಟ್ಟ ಇಂಗಾಲವೆಲ್ಲ ಹೊಗೆಯ ಹಾಗೆ ಮೇಲೆ ಹೋಗುತ್ತದೆ. ಮಣ್ಣು ಸುರಿದು ಸೈಟು ಮಾಡುವವರಿಗೆ ಇದು ಖಾಲಿ ಜಾಗ. ನನಗೆ ಸಿಟ್ಟು ಬರುವುದು ಅಲ್ಲೇ.

ತೂಬಿನ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ. ಈ ಕೆರೆ ಜುವಾರಿಯ ಒಂದು ಉಪನದಿಯ ಮಗ್ಗುಲಲ್ಲಿದೆ. ಮಳೆಗಾಲ ಕಳೆದ ಮೇಲೆ ಊರಿನವರು ಇಲ್ಲಿ ನೀರು ನಿಲ್ಲಿಸಿಕೊಳ್ಳುತ್ತಾರೆ, ಕೆಳಗಿನ ಗದ್ದೆಗಳಲ್ಲಿ ಅದೇ ನೀರಿನಿಂದ ಭತ್ತ ಬೆಳೆಯುತ್ತಾರೆ. ಮೀನೂ ಹಿಡಿಯುತ್ತಾರೆ. ಬೇಲಿ ಹಾಕಿ ಜನರನ್ನು ಹೊರಗಿಟ್ಟರೆ ಮಾತ್ರ ಹಕ್ಕಿ ಉಳಿಯುತ್ತದೆ ಅನ್ನುವವರು ಇಲ್ಲಿಗೊಮ್ಮೆ ಬರಬೇಕು. ನೀರು ಬೇಕಾದ ರೈತ ಇದ್ದಾನೆ ಅಂತಲೇ ತೂಬು ಸರಿ ಇದೆ, ತೂಬು ಸರಿ ಇದೆ ಅಂತಲೇ ನೀರಿದೆ, ಹಕ್ಕಿ ಇದೆ. ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಗಜನಿಗಳಲ್ಲೂ, ಅಂದರೆ ಉಪ್ಪುನೀರು ಬಂದುಹೋಗುವ ಗದ್ದೆಗಳಲ್ಲೂ, ಹೀಗೇ ಅಲ್ವಾ? ಕಗ್ಗ ಭತ್ತ, ಸಿಗಡಿ, ಹಕ್ಕಿ ಎಲ್ಲ ಒಂದೇ ನೀರಲ್ಲಿ.

"ನಮ್ಮ ಮಾಗಡಿ ಕೆರಿ ಇದಕ್ಕಿಂತ ಸ್ವಲ್ಪ ದೊಡ್ಡದೈತ್ರಿ ಅಕ್ಕಾರ" ಅಂದರು ಅಣ್ಣಾರು. ಹೌದು. ಗದಗ ಜಿಲ್ಲೆಯ ಈ ಮಾಗಡಿ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಮೂರೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಬಂದವು. ಮಾಗಡಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ತಮ್ಮೂರಿನ ಹತ್ತಿರದ ಕೆರೆಯನ್ನು ಮಗಳು ಇನ್ನೂ ನೋಡಿಲ್ಲವಂತೆ.

ವಾಪಸ್ ಬರುವಾಗ ರೈಲಿನಲ್ಲೇ ಅಣ್ಣಾರು ಊರಿಗೆ ಫೋನ್ ಹಚ್ಚಿ, ಬಾತು ಇನ್ನೂ ಅದಾವೇನು ಅಂತ ಕೇಳಿದರು. ಅದಾವಂತೆ. ಬರುವ ವಾರವೇ ಹೊರಡುವ ಮಾತಾಗಿದೆ.